ಹಿತಕಿದ ಅವರೆಯ ಫ್ರೆಂಚ್

ಸಿಂಚನಾ, ಪ್ರಣವಾ,

ಮೊನ್ನೆ ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಾ ಏನೋ ಗುನುಗುತ್ತಿದ್ದೆ. ಅದನ್ನು ಪ್ರಣವ ಬೆನ್ನ ಹಿಂದೆ ನಿಂತು ಫೋನಿನಲ್ಲಿ ಹಿಡಿದು ಮನೆಯವರ ಗ್ರೂಪಿಗೆ ಹಾಕಿದನಲ್ಲ, ಆ ವಿಷಯವಾಗಿಯೇ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯಿಂದ ನಿಮ್ಮ ಅತ್ತೆ ಫೋನ್ ಮಾಡಿ, "ಅಮ್ಮಾ, ಅದ್ಯಾವ ವಚನ? ನಾನು ಕೇಳೇ ಇಲ್ವಲ್ಲ" ಅಂದಳು. ನನ್ನ ತಮ್ಮ ನಿಮ್ಮಪ್ಪನಿಗೆ ಫೋನ್ ಮಾಡಿ, "ಅಕ್ಕಂಗೆ ಹಲ್ಲುನೋವೇನೋ? ಡಾಕ್ಟ್ರಿಗೆ ತೋರ್ಸು" ಅಂದನಂತೆ.

ಅದು ವಚನವೂ ಅಲ್ಲ, ಹಲ್ಲುನೋವೂ ಅಲ್ಲ. ಅದು ಫ್ರೆಂಚ್. ಹೇಗೆ ಬಂತು ಅನ್ನುವುದು ಸಿಂಚನಾಗೆ ಗೊತ್ತು. ಅವಳಿಗೆ ಗೊತ್ತಿಲ್ಲದ್ದೂ ಸ್ವಲ್ಪ ಇದೆ. ಬಾಯಲ್ಲಿ ಹೇಳಲು ಹೋದರೆ ಪ್ರಣವ ನಡುವೆ ನಗುತ್ತಾನೆ, ಅವನು ನಕ್ಕರೆ ನಾನು ನಿಲ್ಲಿಸಿಬಿಡುತ್ತೇನೆ. ಬರೆದರೆ ಆ ಭಯವಿಲ್ಲ. ಎಲ್ಲಿ ನಗುತ್ತೀರೋ ಅಲ್ಲಿ ನಾನು ಇರುವುದಿಲ್ಲವಲ್ಲ.

ಸಿಂಚನಾ ಪಿಯುಸಿಗೆ ಸೇರುವಾಗ ಸೆಕೆಂಡ್ ಲ್ಯಾಂಗ್ವೇಜ್ ಏನು ತಗೋಬೇಕು ಅನ್ನುವ ಮಾತು ಶಿವಮೊಗ್ಗದ ನಮ್ಮ ವಿದ್ಯಾನಗರದ ಮನೆಯಲ್ಲಿ ಒಂದು ವಾರ ನಡೆಯಿತು. ನಿಮ್ಮಪ್ಪ ಫ್ರೆಂಚ್ ಅಂದ. ಫ್ರೆಂಚ್ ತೆಗೆದುಕೊಂಡರೆ ಮಾರ್ಕ್ಸು ಮಳೆ ಸುರಿದ ಹಾಗೆ ಸುರಿಯುತ್ತದೆ ಎಂದು ಅವನ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ನಿಮ್ಮಮ್ಮ ನನ್ನ ಕಡೆ ನೋಡಿ, "ನೀವೇನಂತೀರಿ ಅತ್ತೆ?" ಎಂದು ಕೇಳಿದಳು. ಕನ್ನಡವನ್ನೇ ತೆಗೆದುಕೊಳ್ಳಲಿ ಎಂದು ನನಗಿತ್ತು. ಆದರೆ ನಾನು ಅಂದದ್ದು, "ನಂಗೇನು ಗೊತ್ತಾಗುತ್ತೆ, ನೀವೇ ನೋಡಿ." ಇದು ನಾನು ಜೀವನದಲ್ಲಿ ಅತಿ ಹೆಚ್ಚು ಸಲ ಆಡಿರುವ ಮಾತು. ನನ್ನ ಸಮಾಧಿಯ ಕಲ್ಲಿನ ಮೇಲೆ ಏನಾದರೂ ಕೆತ್ತಿಸುವುದಿದ್ದರೆ ಇದನ್ನೇ ಕೆತ್ತಿಸಬಹುದು.

ಕಾಲೇಜಿನ ಪಾಠ ಸಾಲದು ಎಂದು ಟ್ಯೂಷನ್ ಹುಡುಕಿದರು. ಸಿಕ್ಕಿದ್ದು ಭದ್ರಾವತಿಯಲ್ಲಿ, ಸಿಸಿಲಿಯಾ ಟೀಚರ್. ಅವರು ಹುಟ್ಟಿ ಓದಿದ್ದು ಪುದುಚೇರಿಯಲ್ಲಿ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಎಂದು ಮದುವೆಯಾಗಿ ಭದ್ರಾವತಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಹಳೆಯ ಕ್ವಾರ್ಟರ್ಸ್ ಕಡೆಯೇ ಒಂದು ಚಿಕ್ಕ ಮನೆ ಮಾಡಿಕೊಂಡು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಿದ್ದಾರೆ. ತಮಿಳು ಬೆರೆತ ಕನ್ನಡ, ಮಕ್ಕಳನ್ನೆಲ್ಲ ತಮಿಳರ ಹಾಗೆ ಮುದ್ದಿನಿಂದ 'ಕಣ್ಣು' ಎಂದು ಕರೆಯುವ ರೂಢಿ, ಕೊರಳಿಗೆ ಕಟ್ಟಿದ ಕನ್ನಡಕ, ನೆಟ್ಟಗಿನ ಬೆನ್ನು.

ಪ್ರತಿ ಭಾನುವಾರ ಸಿಂಚನಾಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಯಾಕೆಂದರೆ ಮನೆಯಲ್ಲಿ ಭಾನುವಾರ ಏನೂ ಕೆಲಸವಿಲ್ಲದವಳು ನಾನೊಬ್ಬಳೇ ಎಂದು ಎಲ್ಲರೂ ತಿಳಿದಿದ್ದರು. ಭದ್ರಾವತಿ ನನಗೆ ಹೊಸದಲ್ಲ. ನಿಮ್ಮ ಅಜ್ಜನೂ ಅದೇ ಕಾರ್ಖಾನೆಯಲ್ಲಿದ್ದವರು, ನಾವು ಸಂಸಾರ ಹೂಡಿದ್ದು ಅಲ್ಲೇ. ಬಸ್ಸು ಮಲವಗೊಪ್ಪ ದಾಟುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಸೆರಗು ಸರಿಮಾಡಿಕೊಳ್ಳುತ್ತಿತ್ತು. ಮೊದಲಿನಿಂದ ಬಂದ ಅಭ್ಯಾಸ. ಇಳಿದ ಕೂಡಲೇ ಯಾರಾದರೂ ಗುರುತಿನವರು ಸಿಕ್ಕಿ ಮಾತಾಡಿಸುತ್ತಾರೆ ಎಂಬ ಹೆದರಿಕೆ ಆಗ. ಈಗ ಯಾರೂ ಸಿಗುವುದಿಲ್ಲ, ಆದರೂ ಕೈ ಹೋಗುತ್ತದೆ.

ನಿಮ್ಮ ಅಜ್ಜ ಇರುವತನಕ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಸೀರೆ ಅಂಗಡಿಗೆ ಹೋದರೆ ನಾನು ಬೇಕಾದ ಸೀರೆಯನ್ನು ಬರೀ ನೋಡುತ್ತಿದ್ದೆ, ಅವರು ನನ್ನ ಕಣ್ಣು ಹೋದ ಕಡೆ ಬೆರಳು ತೋರಿಸುತ್ತಿದ್ದರು. ಒಂದು ಸಲ ಶಿವಮೊಗ್ಗದ ಕೋಟೆ ಬೀದಿಯ ಅಂಗಡಿಯಲ್ಲಿ ಇದ್ದಕ್ಕಿದ್ದ ಹಾಗೆ, "ಇವತ್ತು ನೀನೇ ಕೇಳು, ನಾನು ಮೂಗ" ಎಂದು ಹೇಳಿ ಹೊರಗೆ ಹೋಗಿ ನಿಂತರು. ಅಂಗಡಿಯವನು ಸೀರೆಗಳನ್ನು ಹರವಿದ, ಮಡಿಸಿದ, ಮತ್ತೆ ಹರವಿದ. ನಾನು ಕೊನೆಗೆ ಅವನಿಗೆ ಕೈಮುಗಿದು ಎದ್ದು ಬಂದೆ. ದಾರಿಯಲ್ಲಿ ನಿಮ್ಮ ಅಜ್ಜ ಬೈಯಲಿಲ್ಲ. "ಅಲ್ಲ ಮಾರಾಯ್ತಿ, ಅವ್ನೇನು ದೇವ್ರಾ, ಕೈಮುಗಿಯೋಕೆ?" ಅಂದರು. ಅದನ್ನು ಹೇಳಿ ಹೇಳಿ ಎಷ್ಟೋ ವರ್ಷ ನಕ್ಕರು.

ಸಿಸಿಲಿಯಾ ಟೀಚರ ಮನೆಯಲ್ಲಿ ಪಾಠ ಒಳಗೆ ನಡುಮನೆಯಲ್ಲಿ, ನಾನು ಹೊರಗೆ ಜಗಲಿಯ ಬೆಂಚಿನ ಮೇಲೆ. ಒಳಗಿನದೆಲ್ಲ ಕಿಟಕಿಯಿಂದ ಕೇಳುತ್ತಿತ್ತು. ಟೀಚರ್ ನನ್ನನ್ನು, "ಒಳಗೆ ಬಾಮ್ಮಾ, ಫ್ಯಾನ್ ಇದೆ" ಎಂದು ಕರೆಯುತ್ತಿದ್ದರು. ನಾನು ತಲೆ ಅಲ್ಲಾಡಿಸಿ ಅಲ್ಲೇ ಕೂರುತ್ತಿದ್ದೆ. ಎಷ್ಟೋ ತಿಂಗಳು ನಾನು ಅವರಿಗೆ ಹೇಳಿದ್ದು ಬರೀ "ಹೂಂ" ಮತ್ತು "ಬರ್ತೀವಿ".

ಅವರ ಪಾಠದ ಕ್ರಮ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ನಮ್ಮ ಊರಿನ ಶಾಲೆಯ ಕ್ರಮವೇ. ಒಂದು ಕ್ರಿಯಾಪದ ಕೊಡುವುದು. ನಾನು ಹೋದೆ, ನೀನು ಹೋದೆ, ಅವನು ಹೋದ, ನಾವು ಹೋದೆವು ಎಂದು ಅದರ ರೂಪಗಳನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಬರುವುದು. ಮುಂದಿನ ವಾರ ಎದ್ದು ನಿಂತು, ಟೀಚರ ಮುಖ ನೋಡುತ್ತಾ, ಪುಸ್ತಕವಿಲ್ಲದೆ ಒಪ್ಪಿಸುವುದು. ಒಪ್ಪಿಸಿದವರಿಗೆ ಮುಂದಿನ ಪಾಠ.

ಫ್ರೆಂಚಿನಲ್ಲಿ ಈ ರೂಪಗಳಿಗೆ ಲೆಕ್ಕವೇ ಇಲ್ಲ. ಅವುಗಳಲ್ಲಿ ಒಂದಕ್ಕೆ ಉದ್ದನೆಯ ಹೆಸರಿದೆ, ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅಂತ. ನಾನು ಸಿಂಚನಾಳಿಂದ ಬರೆಸಿಕೊಂಡು ಇಲ್ಲಿ ಇಳಿಸಿದ್ದೇನೆ. ಹಿಂದೆ ಯಾವಾಗಲೋ ಒಬ್ಬರು, ಇನ್ನೊಬ್ಬರು ಹೀಗೆ ಮಾಡಲಿ ಎಂದು ಆಸೆಪಟ್ಟಿದ್ದರು ಎಂದು ಹೇಳುವಾಗ ಅದು ಬರುತ್ತದಂತೆ. ಈಗ ಅಲ್ಲಿಯ ಜನ ಅದನ್ನು ಬಾಯಲ್ಲಿ ಆಡುವುದೇ ಇಲ್ಲ, ಹಳೆಯ ಪುಸ್ತಕಗಳಲ್ಲಿ ಮಾತ್ರ ಸಿಗುತ್ತದೆ. ಪರೀಕ್ಷೆಗೂ ಇಲ್ಲ. ಒಬ್ಬ ಹುಡುಗ ಅದನ್ನೇ ಕೇಳಿದ್ದು ನನಗೆ ಕೇಳಿಸಿತು.

"ಟೀಚರ್, ಇದು ಸಿಲಬಸ್ಸಲ್ಲೇ ಇಲ್ಲ."

"ನನ್ ಸಿಲಬಸ್ಸಲ್ಲಿ ಇದೆ ಕಣ್ಣು."

"ಯಾರೂ ಮಾತಾಡಲ್ಲ ಅಂತೀರಾ, ಮತ್ಯಾಕೆ ಕಲೀಬೇಕು?"

"ನಿಮ್ ತಾತನ ಫೋಟೋ ಮನೇಲಿ ಹಾಕಿದೀರಾ? ಅವ್ರೂ ಈಗ ಮಾತಾಡಲ್ಲ. ತೆಗೆದು ಬಿಸಾಕ್ತೀಯಾ?"

ಜಗಲಿಯಲ್ಲಿ ಕೂತು ನಾನು ಒಬ್ಬಳೇ ನಕ್ಕೆ.

ತೊಂದರೆ ಇದ್ದದ್ದು ನಮ್ಮ ಸಿಂಚನಾಗೆ. ಬರೆಯಲು ಕೊಟ್ಟರೆ ಒಂದು ತಪ್ಪಿಲ್ಲ. ಎದ್ದು ನಿಲ್ಲು ಅಂದರೆ ಒಂದು ಪದ ಹೊರಡುವುದಿಲ್ಲ. ಉಳಿದ ಮಕ್ಕಳು ನೋಡುತ್ತಾರೆ, ಟೀಚರ್ ನೋಡುತ್ತಾರೆ, ಇವಳು ನೆಲ ನೋಡುತ್ತಾಳೆ. ಒಂದು ಭಾನುವಾರ ಆಯಿತು, ಇನ್ನೊಂದು ಆಯಿತು, ಸಂಕ್ರಾಂತಿಯೂ ಹತ್ತಿರ ಬಂತು. ಆಗ ಟೀಚರ್ ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿದೆ. ದನಿ ಎತ್ತರಿಸಲೂ ಇಲ್ಲ ಅವರು.

"ಮುಂದಿನ್ ಭಾನುವಾರ 'ಪಾರ್ಲೇ' ಒಪ್ಪಿಸು. ಇಲ್ಲಾಂದ್ರೆ ಬರ್ಬೇಡ. ನಾನು ಕೋಪದಲ್ಲಿ ಹೇಳ್ತಿಲ್ಲ ಕಣ್ಣು. ಬಾಯಿ ಬಿಡದೆ ಇರೋರಿಗೆ ಭಾಷೆ ಕಲ್ಸೋಕೆ ನಂಗೆ ಬರಲ್ಲ."

ಫ್ರೆಂಚಿನಲ್ಲಿ ಪಾರ್ಲೇ ಎಂದರೆ ಮಾತಾಡುವುದು. ಮಾತಾಡಲು ಬಾರದವಳಿಗೆ ಒಪ್ಪಿಸಲು ಬಂದದ್ದು ಆ ಪದವೇ, ಅದೂ ಆ ಉದ್ದ ಹೆಸರಿನ ರೂಪದಲ್ಲಿ.

ಬಸ್ಸಿನಲ್ಲಿ ಸಿಂಚನಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು, "ಹೋಗ್ಲಿ ಬಿಡು ಪುಟ್ಟಾ, ಮಾರ್ಕ್ಸು ಹೇಗೂ ಬರುತ್ತಲ್ಲ" ಅಂದೆ.

"ಮಾರ್ಕ್ಸಲ್ಲ ಅಜ್ಜಿ," ಅಂದಳು. "ನಂಗೆ ಅಲ್ಲಿಗೆ ಹೋಗ್ಬೇಕು."

ಅದು ನಿಜವೆಂದು ನನಗೆ ಗೊತ್ತಿತ್ತು. ಅಪ್ಪನ ಮಾರ್ಕ್ಸಿಗಾಗಿ ಮನೆಗೆ ಬಂದ ಫ್ರೆಂಚು ಯಾವಾಗಲೋ ಅವಳದೇ ಆಗಿಬಿಟ್ಟಿತ್ತು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಅವಳು ಚೀಟಿ ಅಂಟಿಸಿದ್ದಳು. ಉಪ್ಪಿನ ಡಬ್ಬಿಯ ಮೇಲೆ ಸೆಲ್, ಸಕ್ಕರೆಯ ಡಬ್ಬಿಯ ಮೇಲೆ ಸ್ಯೂಕ್ರ್. ಕೆಳಗೆ ನನಗಾಗಿ ಕನ್ನಡದಲ್ಲೂ ಬರೆದಿದ್ದಳು. ನಿಮ್ಮಮ್ಮನಿಗೆ ಡಬ್ಬಿ ಕೊಳಕಾಗುತ್ತದೆ ಎಂದು ಸಿಟ್ಟು. ನಾನು ಮಾತ್ರ ಡಬ್ಬಿ ತೊಳೆಯುವಾಗ ಚೀಟಿ ನೆನೆಯದ ಹಾಗೆ ಬೆರಳು ಅಡ್ಡ ಹಿಡಿಯುತ್ತಿದ್ದೆ.

ಈಗ ಸ್ವಲ್ಪ ನನ್ನ ಶಾಲೆಗೆ ಹೋಗಬೇಕು. ದೂರವಿಲ್ಲ, ಬೇಗ ಬಂದುಬಿಡೋಣ.

ನಮ್ಮ ಊರಿನ ಶಾಲೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಸಂಜೆ ಮನೆಗೆ ಬಿಡುವ ಮುಂಚೆ ಒಬ್ಬೊಬ್ಬರೇ ಎದ್ದು ನಿಂತು ಮಗ್ಗಿ ಹೇಳಬೇಕು. ನಾನು ನಿಲ್ಲುತ್ತಿದ್ದೆ, ಹೇಳುತ್ತಿರಲಿಲ್ಲ. ಮೊದಮೊದಲು ಬಾರಿಸಿದರು. ಆಮೇಲೆ ದಡ್ಡಿ ಎಂದು ಬಿಟ್ಟರು. ಬಾರಿಸಿದ್ದಕ್ಕಿಂತ ಬಿಟ್ಟಿದ್ದೇ ನನಗೆ ಹೆಚ್ಚು ನೋವಾಯಿತು. ಏಕೆಂದರೆ ಮಗ್ಗಿಗಳೆಲ್ಲ ನನಗೆ ಬರುತ್ತಿದ್ದವು.

ಅವರೆಕಾಯಿಯ ಕಾಲದಲ್ಲಿ ಒಂದು ಸಂಜೆ ಮೇಷ್ಟ್ರು ಹಾಲು ಕೇಳಲು ನಮ್ಮ ಮನೆಗೆ ಬಂದರು. ನಾನು ಒಳಗೆ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದೆ. ನಿಮಗೆ ಹಿತಕಿದ ಅವರೆ ತಿಂದು ಗೊತ್ತು, ಹಿತಕಿ ಗೊತ್ತಿಲ್ಲ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ, ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಬುದ್ಧಿ ಬೇಡದ ಕೆಲಸ, ಆದರೆ ಕೈ ಬಿಡುವ ಹಾಗಿಲ್ಲ. ಒಂದು ಬಟ್ಟಲು ಸಾರಿಗೆ ಒಂದು ರಾಶಿ ಕಾಳು ಬೇಕು. ಬೇಸರ ಕಳೆಯಲು ನಾನು ಕಾಳಿಗೊಂದರಂತೆ ಮಗ್ಗಿ ಹೇಳುತ್ತಿದ್ದೆ. ಹದಿನೇಳೊಂದ್ಲಿ ಹದಿನೇಳು, ಪುಳಕ್. ಹದಿನೇಳೆರಡ್ಲಿ ಮೂವತ್ತನಾಲ್ಕು, ಪುಳಕ್. ಮೇಷ್ಟ್ರು ಜಗಲಿಯಲ್ಲಿ ನಿಂತು ಕೇಳಿಸಿಕೊಂಡರು. ಯಾರಿಗೂ ಏನೂ ಹೇಳದೆ ಹಾಲು ತೆಗೆದುಕೊಂಡು ಹೋದರು.

ಮರುದಿನ ಸಂಜೆ ನನ್ನ ಸರದಿ ಬಂದಾಗ, "ಏಯ್ ಹುಡುಗಿ, ಆ ಸ್ಲೇಟುಗಳನ್ನೆಲ್ಲ ಒರ್ಸಿಡು. ಒರ್ಸ್ತಾ ಒರ್ಸ್ತಾ ಹದಿನೇಳರ ಮಗ್ಗಿ ಹೇಳು, ಸುಮ್ನೆ ಯಾಕೆ ಕೂರ್ತೀಯ" ಅಂದರು. ನಾನು ತಲೆ ಬಗ್ಗಿಸಿ ಸ್ಲೇಟು ಒರೆಸಿದೆ. ಮಗ್ಗಿ ಬಂತು. ಮೊದಲಿಂದ ಕೊನೆಯತನಕ ಬಂತು. ಅವರು ಶಹಬ್ಬಾಸ್ ಅನ್ನಲಿಲ್ಲ. "ಮುಂದಿನವ್ರು" ಅಂದರು. ನಾನು ಶಾಲೆ ಬಿಡುವತನಕ ನಮ್ಮ ಶಾಲೆಯ ಸ್ಲೇಟುಗಳೆಲ್ಲ ಫಳಫಳ ಅನ್ನುತ್ತಿದ್ದವು.

ಸರಿ, ವಿದ್ಯಾನಗರಕ್ಕೆ ವಾಪಸು.

ಆ ಸೋಮವಾರವೇ ನಾನು ಅವರೆಕಾಳು ನೆನೆಹಾಕಿದೆ. ಮಾರನೆಯ ದಿನ ಸಿಂಚನಾ ಕಾಲೇಜಿನಿಂದ ಬಂದ ಕೂಡಲೇ ಬೋಗುಣಿ ಮುಂದಿಟ್ಟು, "ನನ್ ಬೆರಳು ನೋಯ್ತಿದೆ ಕಣೆ, ಸ್ವಲ್ಪ ಹಿತಕಿಕೊಡು" ಅಂದೆ. ಹಳೆಯ ಪೇಪರ್ ಹಾಸಿಕೊಂಡು ಇಬ್ಬರೂ ಕೂತೆವು. ಅವಳು ಒಂದಷ್ಟು ಕಾಳು ಹಾರಿಸಿದಳು. ಒಂದು ಹೋಗಿ ದೇವರಮನೆಯ ಹೊಸಿಲಿಗೆ ಬಿತ್ತು. ಆಮೇಲೆ ಬೆರಳು ಪಳಗಿತು. ಆಗ ನಾನು ಸುಮ್ಮನೆ, "ಅದೇನೋ ಪಾರ್ಲೇ ಅಂದ್ರಲ್ಲ ಟೀಚರ್, ಹೇಗದು?" ಎಂದು ಕೇಳಿದೆ.

ಅವಳು ಕಾಳಿನ ಮೇಲೆ ಕಣ್ಣಿಟ್ಟೇ ಶುರುಮಾಡಿದಳು. ಕ್ ಜ ಪಾರ್ಲಾಸ್, ಪುಳಕ್. ಕ್ ತ್ಯೂ ಪಾರ್ಲಾಸ್, ಪುಳಕ್. ಕಿಲ್ ಪಾರ್ಲಾ, ಪುಳಕ್. ಕ್ ನೂ ಪಾರ್ಲಾಸಿಯೋಂ, ಕ್ ವೂ ಪಾರ್ಲಾಸಿಯೇ, ಕಿಲ್ ಪಾರ್ಲಾಸ್. ನಾನು ಮಾತಾಡಲಿ ಅಂತ, ನೀನು ಮಾತಾಡಲಿ ಅಂತ, ಅವನು ಮಾತಾಡಲಿ ಅಂತ. ಆ 'ರ' ಇದೆಯಲ್ಲ, ಅದು ನಾಲಿಗೆಯಲ್ಲಿ ಅಲ್ಲ, ಗಂಟಲಿನ ತಳದಲ್ಲಿ ಹುಟ್ಟಬೇಕು. ನನ್ನ ತಮ್ಮನಿಗೆ ಹಲ್ಲುನೋವು ಎಂದು ಕೇಳಿಸಿದ್ದು ಅದೇ.

ಪ್ರಣವ ಸೋಫಾದಿಂದ, "ಅಕ್ಕಾ, ನೀನು ಗಾರ್ಗಲ್ ಮಾಡ್ತಿದೀಯಾ, ಅಡುಗೆ ಮಾಡ್ತಿದೀಯಾ?" ಅಂದ. ಅಕ್ಕ ಅವನಿಗೆ ಒಂದು ಕಾಳು ಗುರಿಯಿಟ್ಟು ಹೊಡೆದಳು, ನಿಲ್ಲಿಸಲಿಲ್ಲ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಹಿತಕಿದ ಅವರೆಯ ಸಾರು, ಹಿತಕಿದ ಅವರೆಯ ಉಪ್ಪಿಟ್ಟು, ಹಿತಕಿದ ಅವರೆಯ ಪಲ್ಯ. ನಿಮ್ಮಪ್ಪ, "ಏನಮ್ಮ, ಮಾರ್ಕೆಟ್ಟಲ್ಲಿ ಬೇರೆ ತರಕಾರಿ ಬಂದಿಲ್ವಾ?" ಎಂದು ಕೇಳಿದ. ನಾನು, "ನಂಗೇನು ಗೊತ್ತಾಗುತ್ತೆ" ಅಂದೆ.

ಶನಿವಾರ ನಾನು ಸಿಂಚನಾಗೆ ಮೇಷ್ಟ್ರ ಸ್ಲೇಟಿನ ಕಥೆ ಹೇಳಿ, ನಾಳೆ ಕಾಳು ತಗೊಂಡು ಹೋಗೋಣ ಅಂದೆ. ಅವಳು ಹೌಹಾರಿದಳು.

"ಅಜ್ಜೀ! ಎಲ್ರ ಮುಂದೆ ಅವರೆಕಾಳು ಹಿಡ್ಕೊಂಡು ಕೂತ್ಕೊಳ್ಲಾ? ವಿಡಿಯೋ ಮಾಡ್ತಾರೆ!"

"ಬೇಡ ಬಿಡು."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಬಂದು, "ತಗೊಂಡ್ ಬಾ. ಆದ್ರೆ ಟೀಚರಿಗೆ ನೀನೇ ಹೇಳ್ಬೇಕು. ನಂಗೆ ನಾಚ್ಕೆ" ಅಂದಳು.

ನಾಚಿಕೆಯವಳು ನಾಚಿಕೆಯವಳಿಗೆ ವಕಾಲತ್ತು ಕೊಟ್ಟ ಹಾಗಾಯಿತು. ಆದರೂ ಹೂಂ ಅಂದೆ. ಬಸ್ಸಿನಲ್ಲಿ ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಟೀಚರಿಗೆ ಹೇಳಬೇಕಾದ ವಾಕ್ಯವನ್ನು ನಾನು ಬಾಯಿಪಾಠ ಮಾಡುತ್ತಾ ಹೋದೆ. "ಟೀಚರ್, ಕೈಗೆ ಕೆಲ್ಸ ಕೊಟ್ರೆ ಇವ್ಳಿಗೆ ಮಾತು ಬರುತ್ತೆ." ಭದ್ರಾ ಸೇತುವೆ ಬರುವಷ್ಟರಲ್ಲಿ ವಾಕ್ಯ ಗಟ್ಟಿಯಾಗಿತ್ತು. ಅವಳು ಪಕ್ಕದಲ್ಲಿ ಅವಳದನ್ನು ಗುನುಗುತ್ತಿದ್ದಳು, ನಾನು ನನ್ನದನ್ನು.

ಟೀಚರ್ ಬಾಗಿಲು ತೆಗೆದರು. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಡಬ್ಬಿಯನ್ನು.

"ಅಯ್ಯೋ, ಇದೆಲ್ಲಾ ಯಾಕಮ್ಮಾ?" ಎಂದು ಅನ್ನುತ್ತಾ ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಚ್ಚಳ ಎತ್ತಿದರು. "ನೆನೆಸಿದ ಅವರೆ! ನಂಗೆ ರೊಂಬ ಇಷ್ಟಮ್ಮಾ. ಒಬ್ಳೇ ಇರೋದು ಅಂತ ನಾನು ಈ ವರ್ಷ ತರ್ಲೇ ಇಲ್ಲ."

ಹಾಗೆ ಹೇಳಿ ಒಳಗೆ ಹೋದರು. ಫ್ರಿಜ್ಜಿನ ಬಾಗಿಲು ತೆಗೆದು ಹಾಕಿದ ಸದ್ದು ಕೇಳಿಸಿತು.

ತಪ್ಪು ಅವರದಲ್ಲ. ನಮ್ಮ ಕಡೆ ಮೇಷ್ಟ್ರ ಮನೆಗೆ ಯಾರು ಬರಿಗೈಯಲ್ಲಿ ಹೋಗುತ್ತಾರೆ? ಹೀರೇಕಾಯಿಯೋ, ನಿಂಬೆಹಣ್ಣೋ, ಏನಿದ್ದರೆ ಅದು. ಕಾಲದ ಕಾಳು ಡಬ್ಬಿಯಲ್ಲಿ ಬಂದರೆ ಅದು ಕಾಣಿಕೆಯಲ್ಲದೆ ಇನ್ನೇನು? ನನ್ನ ಗಟ್ಟಿಯಾದ ವಾಕ್ಯ ಗಂಟಲಲ್ಲೇ ಉಳಿಯಿತು. ಸಿಂಚನಾ ನನ್ನ ಕಡೆ ಒಂದು ಸಲ ನೋಡಿದಳು. ಬೈಯುವ ನೋಟವೂ ಅಲ್ಲ. "ಪರ್ವಾಗಿಲ್ಲ ಅಜ್ಜಿ" ಅನ್ನುವ ನೋಟ. ಅದೇ ನನಗೆ ತಡೆಯಲಾಗದ್ದು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ನಾನು ಬೆಂಚಿನ ಮೇಲೆ ಕೂತೆ. ಕೊಟ್ಟ ವಸ್ತುವನ್ನು ವಾಪಸು ಕೇಳುವುದು ಎಂಥ ಹೀನ ಕೆಲಸವೆಂದು ನಿಮಗೆ ಗೊತ್ತಿಲ್ಲದಿರಬಹುದು. ಊಟಕ್ಕೆ ಕೂತವರ ಎಲೆಯಿಂದ ಅನ್ನ ತೆಗೆದ ಹಾಗೆ ಅದು. ಅದೂ ನಂಗೆ ಇಷ್ಟ ಅಂದವರಿಂದ, ಒಬ್ಬಳೇ ಎಂದು ತರಲೇ ಇಲ್ಲ ಅಂದವರಿಂದ. ನಾನೂ ಗಂಡ ಹೋದವಳೇ. ಒಬ್ಬಳಿಗಾಗಿ ಕಾಳು ಹಿತಕುತ್ತಾ ಕೂರುವುದು ಬೇಸರ ಅನ್ನುವುದು ಹೇಳಿಸಿಕೊಳ್ಳದೆ ತಿಳಿಯುತ್ತದೆ.

ಒಳಗೆ ಆ ತಾತನ ಫೋಟೋದ ಹುಡುಗ ಗಡಗಡ ಎಂದು ಒಪ್ಪಿಸಿದ. ಇನ್ನೊಬ್ಬಳು ಎರಡು ಕಡೆ ತಡವರಿಸಿ ಮುಗಿಸಿದಳು. "ಸಿಂಚನಾ" ಎಂದು ಟೀಚರ್ ಕರೆದರು. ಕುರ್ಚಿ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಫ್ಯಾನ್ ತಿರುಗುವುದು ಕೇಳುತ್ತಿತ್ತು. ಯಾರೋ ಪೆನ್ನು ಟಿಕ್ ಟಿಕ್ ಅನ್ನಿಸುತ್ತಿದ್ದರು.

ನಾನು ಎದ್ದೆ. ಎದ್ದದ್ದು ನೆನಪಿದೆ, ಒಳಗೆ ಹೋದದ್ದು ನೆನಪಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈಮುಗಿದು ವಾಪಸು ಹೋಗಿಬಿಡೋಣ ಅನ್ನಿಸಿತು, ನಿಜವಾಗಿ ಅನ್ನಿಸಿತು.

"ಟೀಚರ್, ಆ ಕಾಳು ವಾಪಸ್ ಕೊಡ್ತೀರಾ?" ಅಂದೆ.

ಬಾಯಿಪಾಠ ಮಾಡಿದ ಒಳ್ಳೆಯ ವಾಕ್ಯ ಎಲ್ಲೋ ಹೋಗಿ, ಬಂದದ್ದು ಇದು.

ಟೀಚರ್ ಕನ್ನಡಕ ತೆಗೆದರು. "ಏನ್ಮಾ?"

"ಅವರೆಕಾಳು. ಅದು ಇವ್ಳಿಗೆ ತಂದಿದ್ದು. ನಿಮ್ಗಲ್ಲ."

ಹೇಳಿದ ಮೇಲೆ ಅದು ಎಷ್ಟು ಒರಟಾಗಿತ್ತು ಎಂದು ನನಗೇ ಕೇಳಿಸಿತು. ಒಬ್ಬ ಹುಡುಗಿ ಕಿಸಕ್ಕೆಂದಳು. ನಾನು ಆಗ ಸಿಂಚನಾಳ ಕಡೆಯೂ ನೋಡದೆ, ಟೀಚರ ಕಡೆಯೂ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳುವಂತೆ, "ಕೈಗೆ ಕೆಲ್ಸ ಇದ್ರೆ ಇವ್ಳಿಗೆ ಮಾತು ಬರುತ್ತೆ ಟೀಚರ್. ನಂಗೂ ಹಾಗೇ ಇತ್ತು. ಅವ್ಳಿಗೆಲ್ಲಾ ಬರುತ್ತೆ. ಕಾಳು ಹಿತಕ್ತಾ ಹೇಳ್ಲಿ. ಆಮೇಲೆ ನೀವೇ ಇಟ್ಕೊಳಿ" ಅಂದೆ.

ಟೀಚರ್ ಕುರ್ಚಿ ಹಿಂದಕ್ಕೆ ಸರಿಸಿದರು. "ಇಷ್ಟು ತಿಂಗಳು ನೀವು ಮಾತಾಡಲ್ಲ ಅಂದ್ಕೊಂಡಿದ್ದೆನಮ್ಮಾ" ಅಂದರು. ಎದ್ದು ಹೋಗಿ ಡಬ್ಬಿ ತಂದರು. ಜೊತೆಗೆ ಒಂದು ದೊಡ್ಡ ತಟ್ಟೆ, ಹಳೆಯ ಪೇಪರು. "ಎಲ್ಲಾ ಕೈ ತೊಳ್ಕೊಂಡ್ ಬನ್ನಿ. ಒಬ್ಳೇ ಮಾಡಿದ್ರೆ ಸಂಜೆ ಆಗುತ್ತೆ. ಮೊಬೈಲೆಲ್ಲಾ ಆ ಕಿಟಕೀಲಿ ಇಡಿ."

ಹಾಗೆ ಸಿಸಿಲಿಯಾ ಟೀಚರ ಫ್ರೆಂಚ್ ಕ್ಲಾಸು ನೆಲದ ಮೇಲೆ ವೃತ್ತವಾಗಿ ಕೂತಿತು. ತಾತನ ಫೋಟೋದ ಹುಡುಗನಿಗೆ ಹಿತಕಲು ಬರುತ್ತಿರಲಿಲ್ಲ, ಕಾಳನ್ನು ಜಜ್ಜಿ ಹಾಕುತ್ತಿದ್ದ. "ನಿಂದು ಚಟ್ನಿ ಕಣೋ" ಎಂದು ಪಕ್ಕದವಳು ಹೀಯಾಳಿಸಿದಳು. ಆ ಗದ್ದಲದ ನಡುವೆ, ತಲೆ ಬಗ್ಗಿಸಿಕೊಂಡು, ಸಿಂಚನಾ ಶುರುಮಾಡಿದ್ದು ಮೊದಲು ನನಗೊಬ್ಬಳಿಗೇ ಕೇಳಿಸಿತು. ಕ್ ಜ ಪಾರ್ಲಾಸ್. ಕ್ ತ್ಯೂ ಪಾರ್ಲಾಸ್. ಆಮೇಲೆ ಮಕ್ಕಳಿಗೂ ಕೇಳಿಸಿತು. ಕಿಲ್ ಪಾರ್ಲಾ ಅನ್ನುವಾಗ ಕಾಳು ಬೆರಳಿಂದ ಚಿಮ್ಮಿ ನೇರವಾಗಿ ಟೀಚರ ಕನ್ನಡಕಕ್ಕೆ ಬಡಿಯಿತು. ಟೀಚರ್ ಕನ್ನಡಕ ಒರೆಸಿಕೊಂಡು, "ಕಿಲ್ ಪಾರ್ಲಾ. ಸರಿ. ಮುಂದೆ?" ಅಂದರು. ಸಿಂಚನಾ ನಕ್ಕಳು, ನಗುತ್ತಲೇ ಮುಂದಿನದನ್ನು ಹೇಳಿ ಮುಗಿಸಿದಳು.

"ನಾನು ನಿಂತ್ಕೊಂಡು ಹೇಳು ಅಂದಿದ್ದೆ," ಅಂದರು ಟೀಚರ್.

ಎಷ್ಟು ಕಲ್ಲುಮನಸ್ಸು ಎಂದು ನನಗೆ ಸಿಟ್ಟು ಬಂತು. ಸಿಂಚನಾ ಮುಷ್ಟಿ ತುಂಬ ಕಾಳು ಎತ್ತಿಕೊಂಡು ನಿಂತಳು. ಹಿತಕಿದ್ದು ಹಿತಕಿದ ಹಾಗೆ ಕೆಳಗಿನ ತಟ್ಟೆಗೆ ಬೀಳಿಸುತ್ತಾ ಇನ್ನೊಂದು ಸಲ ಮೊದಲಿಂದ ಹೇಳಿದಳು. ಹೆಣ್ಣುಮಕ್ಕಳ ಮುಷ್ಟಿ ಎಷ್ಟು ದೊಡ್ಡದು? ಅದರಲ್ಲೂ ಅರ್ಧ ನೆಲಕ್ಕೆ ಚೆಲ್ಲಿತ್ತು. ಕ್ ನೂ ಪಾರ್ಲಾಸಿಯೋಂ ಅನ್ನುವಾಗ ಕೈಯಲ್ಲಿದ್ದ ಕೊನೆಯ ಕಾಳು ಹೋಯಿತು. ನಾನು ನೋಡುತ್ತಿದ್ದೆ, ಅವಳಿಗೆ ಅದು ಗೊತ್ತಾಗಲಿಲ್ಲ. ಬೆರಳು ಗಾಳಿಯನ್ನು ಹಿತಕುತ್ತಾ ಇತ್ತು. ಕ್ ವೂ ಪಾರ್ಲಾಸಿಯೇ ಅನ್ನುವಾಗ ತಲೆ ಎತ್ತಿದಳು. ಕಿಲ್ ಪಾರ್ಲಾಸ್ ಅನ್ನುವಾಗ ಟೀಚರ ಮುಖ ನೋಡುತ್ತಿದ್ದಳು.

"ಬಿಯಾಂ," ಅಂದರು ಟೀಚರ್. ಸರಿ ಅಂತ ಅರ್ಥ. ಆಮೇಲೆ, ನಮ್ಮ ಮೇಷ್ಟ್ರ ಹಾಗೇ, "ಮುಂದಿನವ್ರು" ಅಂದರು.

ಡಬ್ಬಿ ಅವತ್ತು ವಾಪಸು ಬರಲಿಲ್ಲ. ಮುಂದಿನ ಭಾನುವಾರ ಬಂತು, ಬರಿದಾಗಿ ಅಲ್ಲ, ನಮ್ಮ ಚಕ್ಕುಲಿಯಂಥ ಅಕ್ಕಿ ಮುರುಕು ತುಂಬಿಕೊಂಡು. "ಸಾರು ಎರಡು ದಿನ ತಿಂದೆನಮ್ಮಾ" ಅಂದರು. ನಾನು, "ಖಾರ ಸರಿಯಿತ್ತಾ?" ಎಂದು ಕೇಳಿದೆ. ಅದು ಅವರ ಜೊತೆ ನನ್ನ ಎರಡನೆಯ ಮಾತು. ಆಮೇಲೆ ಜಗಲಿ ಬಿಟ್ಟು ಫ್ಯಾನಿನ ಕೆಳಗೆ ಕೂರಲು ಶುರುಮಾಡಿದೆ. ಮಕ್ಕಳು ಬರೆಯುವಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಕಾಫಿ ಕುಡಿಯುವಷ್ಟು ಆಯಿತು. ಅವರ ಗಂಡನಿಗೂ ನಿಮ್ಮ ಅಜ್ಜನಿಗೂ ಒಂದೇ ಶಿಫ್ಟ್ ಇದ್ದಿರಬಹುದು, ಗುರುತು ಇದ್ದಿರಬಹುದು ಎಂದು ಲೆಕ್ಕ ಹಾಕಿದೆವು. ಖಚಿತವಾಗಿ ಏನೂ ಗೊತ್ತಾಗಲಿಲ್ಲ. ಕೇಳೋಣ ಅಂದರೆ ಇಬ್ಬರೂ ಇಲ್ಲ.

ಸಿಂಚನಾಗೆ ಗೊತ್ತಿಲ್ಲದ್ದು ಸ್ವಲ್ಪ ಇದೆ ಅಂದೆನಲ್ಲ, ಅದು ಇಷ್ಟೇ. ನೀನು ಒಪ್ಪಿಸಿದ ದಿನ ಬಸ್ಸಿನಲ್ಲಿ ವಾಪಸು ಬರುವಾಗ, ಸಿಂಚನಾ, ನಿದ್ದೆ ಹೋಗಿದ್ದೆ. ನಾನು ಆ ರೂಪಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಾನು ಮಾತಾಡಲಿ ಅಂತ, ಯಾರೋ ಹಿಂದೆ ಆಸೆಪಟ್ಟಿದ್ದರು. ಸೀರೆ ಅಂಗಡಿಯ ಹೊರಗೆ, ಬೆನ್ನು ತಿರುಗಿಸಿ, ಮೂಗನ ಹಾಗೆ ನಿಂತಿದ್ದವರು ನೆನಪಾದರು. ಅವತ್ತು ನಕ್ಕಿದ್ದೇ ಹೆಚ್ಚಾಗಿ, ಅವರು ಯಾಕೆ ಹೊರಗೆ ಹೋಗಿ ನಿಂತರು ಎಂದು ನಾನು ಯೋಚಿಸಿರಲಿಲ್ಲ.

ಈಗ ಸಿಂಚನಾ ಭದ್ರಾವತಿಗೆ ಒಬ್ಬಳೇ ಹೋಗುತ್ತಾಳೆ. ಕಳೆದ ತಿಂಗಳು, "ಅಜ್ಜಿ, ನೀನ್ಯಾಕೆ ಸುಮ್ನೆ ಆಯಾಸ ಮಾಡ್ಕೋತೀಯ" ಅಂದಳು. ಸಂತೋಷವೇ. ನನ್ನ ಭಾನುವಾರ ಹೋಯಿತು, ಆದರೆ ಅದು ಹೋಗಲಿ ಎಂದೇ ತಾನೇ ನಾನು ಇಷ್ಟೆಲ್ಲ ಕಾಳು ನೆನೆಸಿದ್ದು. ಟೀಚರೇ ಈಗ ಒಮ್ಮೊಮ್ಮೆ ಫೋನ್ ಮಾಡುತ್ತಾರೆ. ನಾನು ಎತ್ತಿ ಮಾತಾಡುತ್ತೇನೆ. ರೊಟ್ಟಿ ತಟ್ಟುವಾಗ ಕೈಗೆ ಕೆಲಸವಿರುತ್ತದೆ, ಬಾಯಿಗೆ ಪಾರ್ಲಾಸ್ ತಾನಾಗಿ ಬರುತ್ತದೆ. ಪ್ರಣವ ಹಿಡಿದದ್ದು ಅದು. ಅದನ್ನು ಗ್ರೂಪಿನಿಂದ ಅಳಿಸಬೇಕಾಗಿಲ್ಲ. 'ರ' ಚೆನ್ನಾಗಿ ಬಂದಿದೆ.

ಬಾಯಲ್ಲಿ ಯಾರೂ ಆಡದ ಆ ರೂಪ, ಬರೆದಿಟ್ಟವರು ಇದ್ದದ್ದರಿಂದ ಭದ್ರಾವತಿಯತನಕ ಬಂತು. ನನ್ನ ಮಾತೂ ಹೆಚ್ಚು ಕಡಿಮೆ ಅದೇ ಜಾತಿಯದು. ಆದ್ದರಿಂದ ಈ ಹಾಳೆಗಳನ್ನು ಮುರುಕು ತುಂಬಿ ಬಂದ ಆ ಸ್ಟೀಲ್ ಡಬ್ಬಿಯಲ್ಲಿ ಮಡಿಸಿ ಇಡುತ್ತಿದ್ದೇನೆ. ಜೋಪಾನ ಮಾಡಿ. ಅವರೆಯ ಕಾಲ ಬಂದಾಗ, ಸಿಪ್ಪೆ ಹಾಕಲು ಮನೆಯಲ್ಲೆಲ್ಲ ಹಳೆಯ ಕಾಗದ ಹುಡುಕುತ್ತೀರಿ. ಆಗ ಇವಕ್ಕೆ ಮಾತ್ರ ಕೈ ಹಾಕಬೇಡಿ, ಪೇಪರ್ ಕೊಂಡು ತನ್ನಿ.